ಹಳೆ ಷೆವರ್ಲೆ ಟ್ರಕ್‌ಗೆ ಮುಂದಕ್ಕೆ ಮಗುಚುವ ಮೂತಿ: ಇಲ್ಲಿವರೆಗಿನ ಕೆಲಸ

1951ರ ಷೆವರ್ಲೆ 3100 ಟ್ರಕ್ಕಿನ ಮೂತಿ ಈಗ ಒಂದೇ ತುಂಡಾಗಿ ಮುಂದಕ್ಕೆ ಮಗುಚುತ್ತಿದೆ. ಬಾನೆಟ್, ಎರಡೂ ಮಡ್‌ಗಾರ್ಡ್, ಗ್ರಿಲ್ ಎಲ್ಲಾ ಸೇರಿ. ಪೇಂಟ್ ಇನ್ನೂ ದೂರದ ಮಾತು, ಆದರೆ ಕೀಲು ಎಲ್ಲಿ ಕೂರಬೇಕು ಅನ್ನುವುದು ಗಟ್ಟಿಯಾಯಿತು. ಈ ಕೆಲಸದಲ್ಲಿ ಅರ್ಧ ಗೆದ್ದಂತೆ ಅದು.

ಈ ಗಾಡಿಯ ಬಾನೆಟ್ ಮೂಲದಲ್ಲಿ ಮುಂದಿನಿಂದ ತೆರೆಯುತ್ತದೆ, ಕೀಲು ಕ್ಯಾಬಿನ್ ಕಡೆ ಇರುತ್ತದೆ. ಮಡ್‌ಗಾರ್ಡ್ ಅಗಲ, ಎಂಜಿನ್ ಆಳದಲ್ಲಿ, ಹಾಗಾಗಿ ಕೆಳಗಿನ ಒಂದು ಬೋಲ್ಟ್ ಬಿಚ್ಚಬೇಕಾದರೂ ಮಡ್‌ಗಾರ್ಡ್ ಮೇಲೆ ಮಲಗಿಯೇ ಕೈ ಹಾಕಬೇಕು. ಆರು ಸಿಲಿಂಡರಿನ ಆ ಎಂಜಿನ್ ನೋಡೋಕೇ ಚಂದ, ಅದು ಪೂರ್ತಿ ಕಾಣಬೇಕು ಅನ್ನುವ ಆಸೆಯೂ ಇತ್ತು.

ಕೀಲಿನ ಲೆಕ್ಕ ಹೀಗೆ. ಮೂತಿ ಏಳಲು ಶುರುವಾದಾಗ ಕೀಲಿಗಿಂತ ಮೇಲಿರುವುದೆಲ್ಲ ಮುಂದಕ್ಕೆ ಸರಿಯುತ್ತದೆ, ಕೆಳಗಿರುವುದು ಹಿಂದಕ್ಕೆ ಸರಿಯುತ್ತದೆ, ಕೀಲಿನಿಂದ ಮುಂದೆ ಚಾಚಿರುವುದು ನೆಲದ ಕಡೆ ಇಳಿಯುತ್ತದೆ. ಅಂದರೆ ಮಡ್‌ಗಾರ್ಡಿನ ಹಿಂದಿನ ಕೆಳಮೂಲೆ ಕೀಲಿಗಿಂತ ಕೆಳಗಿದ್ದರೆ ಏಳುವ ಮೊದಲೇ ಫುಟ್‌ಬೋರ್ಡಿಗೆ ಒರೆಸುತ್ತದೆ. ಇದನ್ನು ನೋಡಲು ಮೂತಿಯ ಪಕ್ಕದ ಆಕಾರವನ್ನು ಪ್ಲೈವುಡ್‌ನಲ್ಲಿ ಕತ್ತರಿಸಿ, ಗೋಡೆಗೆ ಬರೆದ ಚಾಸಿ, ಕ್ಯಾಬಿನ್ ಗೆರೆಗಳ ಮೇಲೆ ಒಂದೇ ಮೊಳೆಯಲ್ಲಿ ನಿಲ್ಲಿಸಿ ತಿರುಗಿಸಿದೆ. ಮೊಳೆ ಸ್ವಲ್ಪ ಜರುಗಿದರೂ ಒರೆಸುವ ಜಾಗ ಬದಲಾಗುತ್ತದೆ, ಕಾಗದದ ಲೆಕ್ಕಕ್ಕಿಂತ ಇದೇ ಬೇಗ ಗೊತ್ತಾಗುತ್ತದೆ. ಚಾಸಿಯ ಮೇಲೆ ಕೀಲು ಕೂರಿಸುವುದು ಸುಲಭ, ಆದರೆ ಆ ಎತ್ತರ ಜಾಸ್ತಿಯಾಯಿತು. ಅದಕ್ಕೆ ಬ್ರಾಕೆಟ್ಟನ್ನು ಚಾಸಿಯ ತುದಿಯಿಂದ ಕೆಳಕ್ಕೆ ಇಳಿಬಿಟ್ಟೆ. ಕೀಲು ಇಳಿದಷ್ಟೂ ಗ್ರಿಲ್ ಜಾಸ್ತಿ ಮುಂದಕ್ಕೆ ಬಂದು ಬಂಪರ್‌ಗೆ ತಾಗುತ್ತದೆ ಅಲ್ವಾ, ಆ ಜಾಗಕ್ಕಾಗಿ ಬಂಪರಿನ ತೋಳುಗಳನ್ನು ಉದ್ದ ಮಾಡಿದೆ.

ಒಳಗಿನ ಚೌಕಟ್ಟು 25 ಮಿಲಿಮೀಟರ್ ಚೌಕ ಪೈಪಿನದು. ತಗಡುಗಳೆಲ್ಲ ಮೂಲ ಜಾಗದಲ್ಲೇ ಬೋಲ್ಟ್ ಆಗಿರುವಾಗ, ಬಾಗಿಲಿನ ಸಂದುಗಳು ಸಮ ಇರುವಾಗಲೇ ಇದನ್ನು ಕಟ್ಟಬೇಕು. ಬಿಚ್ಚಿಟ್ಟು ಕಟ್ಟಿದರೆ ಆ ಸಂದು ಮತ್ತೆ ಸಿಗುವುದಿಲ್ಲ. ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಟ್ಯಾಕ್ (ಚಿಕ್ಕ ಚುಕ್ಕೆಯಷ್ಟು ವೆಲ್ಡಿಂಗ್) ಹಾಕಿ ತಣಿಯಲು ಬಿಡುತ್ತಾ ವೆಲ್ಡಿಂಗ್ ಮಾಡಿದೆ. ರೇಡಿಯೇಟರ್ ಮಾತ್ರ ಮೂತಿಯ ಜೊತೆ ಏಳಬಾರದು, ಅದಕ್ಕೆ ಚಾಸಿ ಮೇಲೆ ಬೇರೆ ಸ್ಟ್ಯಾಂಡ್ ಆಗಿದೆ.

ಮೂತಿ ಎತ್ತಲು ಎರಡು ಕಡೆ ಗ್ಯಾಸ್ ಸ್ಟ್ರಟ್, ಅಂದರೆ ಒಳಗಿನ ಗ್ಯಾಸ್ ಒತ್ತಡದಿಂದ ಚಾಚಿಕೊಳ್ಳುವ ದಂಡ, ಬೇಕು. ಅದನ್ನು ಆರಿಸಲು ಮೂತಿ ಪೂರ್ತಿ ತೂಗಬೇಕಿಲ್ಲ. ಹಿಂದಿನ ಅಂಚಿಗೆ ತಕ್ಕಡಿ ಸಿಕ್ಕಿಸಿ ಎತ್ತಿದೆ, 32 ಕಿಲೋ ಬಂತು. ಆ ಅಂಚು ಕೀಲಿನಿಂದ 125 ಸೆಂಟಿಮೀಟರ್ ದೂರ. ಸ್ಟ್ರಟ್ ಒತ್ತುವ ಗೆರೆ ಕೀಲಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಾದರೆ ಒಟ್ಟು 200 ಕಿಲೋ ಒತ್ತಡ ಬೇಕು, ಒಂದೊಂದಕ್ಕೆ 100 ಕಿಲೋ, ಅಂದರೆ ಸುಮಾರು 1000 ನ್ಯೂಟನ್. ಅದಕ್ಕಿಂತ ಸ್ವಲ್ಪ ಕಡಿಮೆಯದನ್ನೇ ಹಾಕುತ್ತೇನೆ, ಮುಚ್ಚಿದಾಗ ಮೂತಿ ತನ್ನ ಭಾರಕ್ಕೇ ಕೂರಬೇಕು. ಸ್ಟ್ರಟ್ ಒತ್ತುವ ಜಾಗದಲ್ಲಿ ಅಡ್ಡಪೈಪ್ ಕೊಡದಿದ್ದರೆ ಚೌಕಟ್ಟು ಬಾಗುತ್ತದೆ, ಅಲ್ಲಿ ಜಿಪುಣತನ ಮಾಡಬಾರದು. ತೀರಾ ಮುಂದಕ್ಕೆ ವಾಲಿದರೆ ಭಾರ ಕೀಲನ್ನು ದಾಟಿ ಎಲ್ಲ ಧೊಪ್ಪನೆ ಬೀಳುತ್ತದೆ, ಹಾಗಾಗಿ ತಡೆಯಲು ಎರಡು ಕಡೆ ಬೆಲ್ಟ್.

ಕೀಲು ಮುಂದಿದ್ದರೆ ಓಡುವಾಗ ಗಾಳಿಗೆ ತೆರೆದುಕೊಳ್ಳುವ ಭಯ ಕಡಿಮೆ. ಆದರೂ ಕ್ಯಾಬಿನ್ ಕಡೆ ಎರಡು ಲ್ಯಾಚ್ ಬೇಕೇ ಬೇಕು. ಜೊತೆಗೆ ಮೂತಿ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರಲು ರಬ್ಬರ್ ಗೂಡಿಗೆ ಇಳಿಯುವ ಚೂಪು ಪಿನ್‌ಗಳು. ಕೆಟ್ಟ ರಸ್ತೆಯಲ್ಲಿ ಚಾಸಿ ತಿರುಚಿಕೊಳ್ಳುತ್ತದೆ, ರಬ್ಬರ್ ಇಲ್ಲದಿದ್ದರೆ ಆ ತಿರುಚು ನೇರ ತಗಡಿಗೆ ಹೋಗಿ ವೆಲ್ಡಿಂಗ್ ಬಿರುಕು ಬಿಡುತ್ತದೆ.

ಮುಂದಿನ ಕೆಲಸ ಈ ಪಿನ್‌ಗಳೇ. ಆಮೇಲೆ ಹೆಡ್‌ಲೈಟ್ ವೈರ್‌ಗಳನ್ನು ಕೀಲಿನ ಪಕ್ಕದಿಂದ ತಂದು, ಒಂದು ಕನೆಕ್ಟರ್ ಕೊಟ್ಟು, ತೆರೆದಾಗ ಎಳೆಯದಷ್ಟು ಸಡಿಲ ಬಿಡಬೇಕು.