ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳಲಿಲ್ಲ

ಮೈಸೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ಹನ್ನೊಂದು ವರ್ಷ ಆಯ್ತು. ಅಳು, ಜಗಳ, ಜ್ವರ ಎಲ್ಲಾ ನೋಡಿದ್ದೇನೆ ಅನ್ನೋ ಧೈರ್ಯ ಇತ್ತು. ಅದು ಇಳಿದಿದ್ದು ಒಂದು ಫೆಬ್ರವರಿಯಲ್ಲಿ.

ನಾಗಮಂಗಲ ಕಡೆಯ ಹುಡುಗಿ ಬೆಳಿಗ್ಗೆ ಬಂದು, "ಮೇಡಂ, ಬೆವರುಸಾಲೆ ತುಂಬಾ ಕಡೀತಿದೆ" ಅಂದಳು. ಫೆಬ್ರವರಿಯಲ್ಲಿ ಎಂಥ ಬೆವರುಸಾಲೆ? ಕಿಟಕಿ ಹತ್ತಿರ ನಿಲ್ಲಿಸಿ ನೋಡಿದೆ. ಕೂದಲಂಚಿನಲ್ಲಿ ಕೆಂಪು ಚುಕ್ಕೆ. ಕಿವಿ ಹಿಂದೆ ನೀರು ತುಂಬಿದ ಗುಳ್ಳೆ. ಬೆನ್ನ ಮೇಲೆ ಒಂದೆರಡು ಆಗಲೇ ಹಕ್ಕಳೆ ಕಟ್ಟುತ್ತಿದ್ದವು. ಮೂರೂ ಥರದ್ದು ಒಟ್ಟಿಗೆ ಕಾಣೋದೇ ಚಿಕನ್ ಪಾಕ್ಸ್ ಗುರುತು ಅಂತ ಡಾಕ್ಟರು ಆಮೇಲೆ ಹೇಳಿಕೊಟ್ಟರು. ಅಡಿಗೆಯ ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲಲ್ಲೇ ನಿಂತು, "ಅಮ್ಮ ಬಂದವ್ಳೆ" ಅಂತ ಕೈ ಮುಗಿದಳು.

ಅಪ್ಪನಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂದರು. ಅವಳು ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಅಪ್ಪನ ಜೊತೆ ಬಸ್ಸು ಹತ್ತಿ ಊರಿಗೆ ಹೋದಳು. ರೂಮನ್ನ ಫಿನಾಯಿಲ್ ಹಾಕಿ ಒರೆಸಿಸಿದೆ. ಉಳಿದವರು ಹೆದರೋದು ಬೇಡ ಅಂತ ಸುಮ್ನೆ "ಜ್ವರ" ಅಂದೆ. ಕೆಲಸ ಮುಗೀತು ಅಂದುಕೊಂಡೆ.

ಹದಿನೈದನೇ ದಿನ ಅದೇ ರೂಮಿನ ಇಬ್ಬರಿಗೆ ಎದ್ದಿತು. ಮಾರನೇ ದಿನ ಎದುರು ರೂಮಿನ ಒಬ್ಬಳಿಗೆ. ಅದೇ ವಾರ ನಾಗಮಂಗಲದಿಂದಲೂ ಫೋನ್. ಹುಡುಗಿ ಹುಷಾರಾಗಿದ್ದಳು. ಅವಳ ಅತ್ತಿಗೆಗೆ ಏಳು ತಿಂಗಳು. ಅವರಿಗೆ ಮೈತುಂಬಾ ಎದ್ದು, ಉಸಿರಾಡೋಕೆ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಬಸುರಿಯರಿಗೆ ಬಂದರೆ ಇದು ಕೆಲವೊಮ್ಮೆ ನ್ಯುಮೋನಿಯಾಗೆ ತಿರುಗುತ್ತೆ. ಹೆರಿಗೆಯ ಹೊತ್ತಿಗೆ ಸರಿಯಾಗಿ ಬಂದರೆ ಹುಟ್ಟುವ ಮಗುವಿನ ಜೀವಕ್ಕೇ ಅಪಾಯ. ಆರನೇ ದಿನ ಮನೆಗೆ ಕಳಿಸಿದರು ಅಂತ ತಿಳಿಯುವವರೆಗೂ ನನಗೆ ಊಟ ಸೇರಲಿಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ನಮ್ಮಲ್ಲಿಗೆ ಬರುವ ಡಾಕ್ಟರು ಒಂದೇ ಮಾತು ಕೇಳಿದರು. "ಊರಿಗೆ ಕಳಿಸೋವಾಗ ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ರಾ?" ಬೈದಿದ್ದರೇ ಚೆನ್ನಾಗಿತ್ತು.

ಅವರು ಕೂರಿಸಿಕೊಂಡು ಹೇಳಿದ ಮೇಲೆ ನನ್ನ ಒಂದೊಂದು ತಪ್ಪೂ ಕಂಡಿತು. ಇದು ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡೋಕೆ ಶುರು. ಗಾಳಿಯಲ್ಲೂ ಹರಡುತ್ತೆ, ಫಿನಾಯಿಲ್ ಏನು ಮಾಡೀತು? ತಗುಲಿದ ಮೇಲೆ 10ರಿಂದ 21 ದಿನ ಒಳಗೇ ಇರುತ್ತೆ. ಒಂದೇ ಮನೆಯಲ್ಲಿ ಇದ್ದವರಲ್ಲಿ, ಮುಂಚೆ ಆಗಿಲ್ಲದ ಹತ್ತು ಜನರಿದ್ದರೆ ಹೆಚ್ಚುಕಮ್ಮಿ ಒಂಬತ್ತು ಜನಕ್ಕೆ ಬರುತ್ತೆ. ಆದರೆ ಸೋಂಕಿನವರ ಜೊತೆಗಿದ್ದ ಮೂರು ದಿನದೊಳಗೆ, ತಡ ಅಂದರೆ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ಎಷ್ಟೋ ಜನಕ್ಕೆ ಬರೋದೇ ಇಲ್ಲ, ಬಂದರೂ ಲಘುವಾಗಿ ಹೋಗುತ್ತೆ. ನಾನು "ಜ್ವರ" ಅಂದು ಮುಚ್ಚಿಟ್ಟಿದ್ದು ಆ ಐದು ದಿನವನ್ನೇ.

ಅತ್ತಿಗೆಗೆ ಆ ದಾರಿಯೂ ಇರಲಿಲ್ಲ. ಇದು ಜೀವಂತ ವೈರಸ್ಸನ್ನೇ ದುರ್ಬಲ ಮಾಡಿ ತಯಾರಿಸಿದ ಲಸಿಕೆ, ಬಸುರಿಯರಿಗೆ ಹಾಕೋ ಹಾಗಿಲ್ಲ. ಸುತ್ತ ಇರುವವರು ತರದೇ ಇರೋದೇ ಅವರಿಗೆ ದೊಡ್ಡ ರಕ್ಷಣೆ. ನಾನು ಬಸ್ಸು ಹತ್ತಿಸಿ ಕಳಿಸಿದ್ದೆ.

ಲಸಿಕೆ ಹೊಸದೇನಲ್ಲ. ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲೇ ಕಂಡುಹಿಡಿದರು. ಅಮೆರಿಕದಲ್ಲಿ 1995ರಿಂದ ಮಕ್ಕಳಿಗೆ ಹಾಕುತ್ತಿದ್ದಾರೆ. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಂಗನವಾಡಿಯಲ್ಲೇ ಪುಕ್ಕಟೆ, ಇದು ಮಾತ್ರ ಆ ಪಟ್ಟಿಯಲ್ಲಿಲ್ಲ. ಖಾಸಗಿಯಲ್ಲಿ ಎರಡು ಡೋಸ್, ನಾವು ಹಾಕಿಸಿದಾಗ ಒಂದಕ್ಕೆ ಎರಡು ಸಾವಿರದ ಹತ್ತಿರ. ಕಬ್ಬಿನ ಬಿಲ್ಲಿಗೆ ಕಾಯುವ ಮನೆಯಲ್ಲಿ ಎರಡು ಮಕ್ಕಳಿದ್ದರೆ ಎಂಟು ಸಾವಿರ. ಹಾಕಿಸಲಿಲ್ಲ ಅಂತ ಅವರನ್ನ ಹೇಗೆ ಬೈಯೋದು? ಪುಕ್ಕಟೆ ಕೊಡಲಿ ಅಂತ ನಾನು ಡಾಕ್ಟರ ಹತ್ತಿರ ಜೋರಾಗಿ ಹೇಳಿದೆ. ಕೊಟ್ಟರೆ ಸರಿಯಾಗಿ ಕೊಡಬೇಕು ಅಂದರು. ನೂರಕ್ಕೆ ಎಂಬತ್ತು ಮಕ್ಕಳಿಗಾದರೂ ಮುಟ್ಟಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅರ್ಧಂಬರ್ಧ ಆದರೆ, ಬಿಟ್ಟುಹೋದವರಿಗೆ ಚಿಕ್ಕವರಿದ್ದಾಗ ಬಾರದೆ ದೊಡ್ಡವರಾದ ಮೇಲೆ ಬರಬಹುದು. ದೊಡ್ಡವರಿಗೆ ಇದು ಜೋರು.

ಎರಡು ವರ್ಷ ಬಿಟ್ಟು ಮತ್ತೆ ಬಂತು. ಈ ಸಲ ಊರಿಗೆ ಕಳಿಸಲಿಲ್ಲ. ಕೊನೆ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ಮೇಲಿನ ರೂಮಿನಲ್ಲಿ ಇಟ್ಟೆವು. ಅಡಿಗೆಯ ಅಕ್ಕ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಇಲ್ಲದ ಮೊಸರನ್ನ ಕಳಿಸಿದಳು. ನಾನು ಬೇಡ ಅನ್ನಲಿಲ್ಲ. 'ಪ್ರವೇಶವಿಲ್ಲ' ಅಂತ ನಾನು ಅಂಟಿಸಿದ ಚೀಟಿಗಿಂತ ಆ ಸೊಪ್ಪು ಚೆನ್ನಾಗಿ ಕೆಲಸ ಮಾಡಿತು.

ಅವತ್ತೇ ಸಂಜೆ ಜೊತೆಗಿದ್ದವರ ಪಟ್ಟಿ ಮಾಡಿದೆ. ಮುಂಚೆ ಆಗಿಲ್ಲದವರು ಏಳು ಜನ. ಮಳವಳ್ಳಿಯ ಒಬ್ಬ ತಂದೆ ಫೋನಿನಲ್ಲಿ, "ಅಮ್ಮನಿಗೆ ಯಾರಾದ್ರೂ ಸೂಜಿ ಚುಚ್ತಾರಾ ಮೇಡಂ?" ಅಂದರು. ನಾನು ಅರಮನೆ ಕಥೆ ತೆಗೆದೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ತೋಳು ತೋರಿಸಿಕೊಂಡು ನಿಂತ 1805ರ ಒಂದು ಚಿತ್ರ ಇದೆ, ಅದು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಬರೆಸಿದ್ದು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ರಾಣಿ ಕಥೆಗೆ ಅವರು ಬಗ್ಗಲಿಲ್ಲ. ಪರೀಕ್ಷೆ ತಪ್ಪುತ್ತೆ ಅಂದೆ, ಬಗ್ಗಿದರು. ಡಾಕ್ಟರು ನೋಡಿ ಏಳೂ ಜನಕ್ಕೆ ಹಾಕಿಸಿದರು. ಒಬ್ಬಳಿಗೆ ಮಾತ್ರ ಇಪ್ಪತ್ತು ಗುಳ್ಳೆ ಎದ್ದು ಆರಿತು.

ಈಗ ಅಡ್ಮಿಷನ್ ಫಾರಂನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಚಿಕನ್ ಪಾಕ್ಸ್ ಆಗಿತ್ತಾ, ಇಲ್ಲಾ ಎರಡು ಡೋಸ್ ಆಗಿದೆಯಾ? ಜಾಸ್ತಿ ಜನ ಖಾಲಿ ಬಿಡುತ್ತಾರೆ. ಕೂತು ಫೋನ್ ಮಾಡಬೇಕು. ಇವತ್ತು ಪಾಂಡವಪುರದ ಒಬ್ಬ ತಾಯಿಗೆ ಮಾಡಿದ್ದೆ. "ಮಗಳಿಗೆ ಅಮ್ಮ ಆಗಿತ್ತಾ?" "ಯಾವುದು ಮೇಡಂ, ದಡಾರನಾ, ಗುಳ್ಳೆದಾ?" ಗುಳ್ಳೆದು ಅಂದೆ. "ಎಡಗಡೆ ಹುಬ್ಬಿನ ಪಕ್ಕ ನೋಡಿ. ಕೆರ್ಕೋಬೇಡ ಅಂದ್ರೆ ಕೇಳ್ತಾನೇ ಇರ್ಲಿಲ್ಲ." ಹುಡುಗಿಯನ್ನ ಕರೆದು ಕಿಟಕಿ ಹತ್ತಿರ ನಿಲ್ಲಿಸಿದೆ. ಸಾಸಿವೆಯಷ್ಟು ಗುಳಿ, ಅಲ್ಲೇ ಇತ್ತು.