ಆಕಾಶಕ್ಕೆ ಬೇಲಿ ಇದೆಯಾ?

ಜನವರಿ. ಮೂಡಿಗೆರೆಯ ನಮ್ಮ ಕಣದಲ್ಲಿ ಕಾಫಿ ಒಣಗುತ್ತಿತ್ತು. ರಾತ್ರಿ ಕಾವಲಿಗೆ ಕೂತಾಗ ಮಗಳು ಕೇಳಿದಳು: "ಅಪ್ಪಾ, ತೋಟಕ್ಕೆ ಬೇಲಿ ಇದೆ. ಆಕಾಶಕ್ಕೆ?"

ನಮಗೆ ಕಾಣುವಷ್ಟಕ್ಕೆ ಒಂದು ಗಡಿ ಇದೆ ಅಂದೆ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ. ಅದಕ್ಕೂ ಮುಂಚೆ ಹೊರಟ ಬೆಳಕೇ ಇಲ್ಲ. ಜಾಗ ಹಿಗ್ಗುತ್ತಾ ಬಂದಿದ್ದರಿಂದ ಆ ಗಡಿ ಈಗ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಆದರೆ ಅದು ಬೇಲಿಯಲ್ಲ. ಮಂಜು ಕವಿದಾಗ ಚಾರ್ಮಾಡಿ ಘಾಟಿಯಲ್ಲಿ ರಸ್ತೆ ಹತ್ತು ಮಾರು ಮಾತ್ರ ಕಾಣುತ್ತದೆ, ಅಲ್ವಾ? ರಸ್ತೆ ಅಲ್ಲಿಗೆ ಮುಗಿದಿರುವುದಿಲ್ಲ.

ಆಚೆಗೆ ಕೊನೆಯೇ ಇಲ್ಲದಿರಬಹುದು. ಇಲ್ಲವೇ ಭೂಮಿಯ ಮೈಮೇಲೆ ನಡೆದ ಹಾಗೆ, ಅಂಚು ಸಿಗದೆ ಹೊರಟ ಜಾಗಕ್ಕೇ ವಾಪಸ್ ಬರಬಹುದು. ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹಕ್ಕೆ ಜಾಗ ಹೆಚ್ಚುಕಡಿಮೆ ಸಪಾಟಾಗಿಯೇ, ಅಂದರೆ ಭೂಮಿಯ ಮೈಯ ಹಾಗೆ ಬಾಗದೆ, ಕಂಡಿದೆ. ನನಗಂತೂ ಕೊನೆಯಿಲ್ಲದ್ದೇ ಇಷ್ಟ.

"ಹಾಗಾದ್ರೆ ಎಣಿಸೋದು ಎಲ್ಲಿ ನಿಲ್ಲಿಸೋದು?" ಅಂದಳು. ಬೇಟೆಗಾರನ ಹಾಗೆ ಕಾಣುವ ನಕ್ಷತ್ರಪುಂಜ ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳಿಂದ ಶುರು ಮಾಡಿದಳು.