ಇಷ್ಟು ವರ್ಷ ಆಯ್ತಲ್ಲ, ಇನ್ನೂ ನೋವಾ?

ಮದುವೆಮನೆಯ ಊಟದ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ, ಎಲ್ಲಿ ಸಿಕ್ಕರೂ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. "ಆಪರೇಷನ್ ಆಗಿ ಐದಾರು ವರ್ಷ ಆಯ್ತಲ್ಲೇ, ಗಾಯ ಮಾಯಲಿಲ್ವಾ? ಇನ್ನೂ ನೋವಾ?" ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಆದರೆ ಅದರೊಳಗೆ ಬಾಯಿಬಿಟ್ಟು ಕೇಳದ ಇನ್ನೆರಡು ಪ್ರಶ್ನೆ ಇರುತ್ತವೆ. ಕಾಯಿಲೆ ಮತ್ತೆ ಬಂತಾ? ಅಥವಾ ಇವಳು ಸುಮ್ನೆ ಹೇಳ್ತಾಳಾ?

ಎರಡೂ ಅಲ್ಲ. ಪಂಕ್ತಿಯಲ್ಲಿ ಕೂತು ಹೇಳುವಷ್ಟು ಸಣ್ಣ ಉತ್ತರವೂ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಆಗಿ ನನಗೆ ಎಡ ಸ್ತನ ತೆಗೆದರು. ಜೊತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದರು. ಆಮೇಲೆ ಕೀಮೋ, ರೇಡಿಯೇಷನ್ ಆಯಿತು. ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗಿ ಬರುವಾಗ ಆಗುಂಬೆಯ 14 ತಿರುವುಗಳನ್ನೂ ಕಂಕುಳಲ್ಲಿ ಮಗುವಿನ ದಿಂಬು ಇಟ್ಟುಕೊಂಡು ಎಣಿಸಿದ್ದೇನೆ. ಹೊಲಿಗೆ ಬಿಚ್ಚಿದ ಮೇಲೆ ಗಾಯ ಚೆನ್ನಾಗಿಯೇ ಮಾಯಿತು. ಈಗ ಅಲ್ಲಿರುವುದು ಒಂದು ಬಿಳಿ ಗೆರೆ. ಒತ್ತಿದರೂ ನೋಯುವುದಿಲ್ಲ.

ನೋವಿರುವುದು ಕಂಕುಳಲ್ಲಿ, ಎದೆಯ ಪಕ್ಕದಲ್ಲಿ, ತೋಳಿನ ಒಳಬದಿಯಲ್ಲಿ. ಅಲ್ಲಿನ ಚರ್ಮ ಮುಟ್ಟಿದರೆ ಮಧ್ಯೆ ರಟ್ಟು ಇಟ್ಟು ಮುಟ್ಟಿದ ಹಾಗೆ, ಮರಗಟ್ಟಿದೆ. ವಿಚಿತ್ರ ಅಂದರೆ ಆ ಮರಗಟ್ಟಿದ ಜಾಗವೇ ಉರಿಯುತ್ತದೆ. ಬೇಲಿ ಬದಿಯ ತುರಚೆ ಗಿಡ ತಾಗಿದಾಗ ಚುರುಚುರು ಅನ್ನುತ್ತಲ್ಲ, ಹಾಗೆ. ನಡುನಡುವೆ ಯಾರೋ ಸೂಜಿ ಚುಚ್ಚಿ ಎಳೆದಂತೆ ಒಂದು ಸೆಳೆತ. ಬಿಗಿಯಾಗಿ ಒತ್ತಿ ಹಿಡಿದರೆ ಪರವಾಗಿಲ್ಲ, ಆದರೆ ರವಿಕೆಯ ತೋಳಿನ ಹೊಲಿಗೆ ಸವರಿದರೆ ಸಾಕು, ಹಲ್ಲು ಕಚ್ಚಬೇಕು. ನಮ್ಮ ಟೈಲರಮ್ಮ ಈಗ ಎಡತೋಳನ್ನು ಒಂದು ಇಂಚು ಸಡಿಲ ಬಿಟ್ಟು, ಹೊಲಿಗೆಯ ಅಂಚು ಹೊರಗೆ ಬರುವ ಹಾಗೆ ಹೊಲಿದುಕೊಡುತ್ತಾಳೆ. ಕಾರಣ ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಯಾಕೆ ಹೀಗೆ? ಎದೆಯ ಎರಡನೇ ಮತ್ತು ಮೂರನೇ ಪಕ್ಕೆಲುಬಿನ ನಡುವಿನಿಂದ ಒಂದು ನರ ಹೊರಬಂದು, ಕಂಕುಳನ್ನು ದಾಟಿ, ತೋಳಿನ ಒಳಬದಿಯ ಚರ್ಮಕ್ಕೆ ಹೋಗುತ್ತದೆ. ಇಂಟರ್‌ಕಾಸ್ಟೋಬ್ರೇಕಿಯಲ್ ಅಂತ ಅದರ ಹೆಸರು. ಕೈ ಎತ್ತಿಸುವ ಕೆಲಸ ಅದಕ್ಕಿಲ್ಲ, ಬಿಸಿ, ತಂಪು, ಸ್ಪರ್ಶವನ್ನು ಮೇಲಕ್ಕೆ ತಿಳಿಸುವುದಷ್ಟೇ. ಕಂಕುಳಿನ ಗ್ರಂಥಿಗಳು ಇರುವುದು ಅದರ ದಾರಿಯಲ್ಲೇ. ಗ್ರಂಥಿ ಬಿಡಿಸುವಾಗ ಎಷ್ಟೇ ಜೋಪಾನ ಮಾಡಿದರೂ ಆ ನರಕ್ಕೆ ಎಳೆತ ಬೀಳಬಹುದು, ಕೆಲವೊಮ್ಮೆ ಕತ್ತರಿಸಲೇಬೇಕಾಗುತ್ತದೆ.

ಹಿಂದೆ ನಮ್ಮ ಮನೆಗೆ ಲ್ಯಾಂಡ್‌ಲೈನ್ ಇತ್ತು. ಪ್ರತಿ ಆಷಾಢದಲ್ಲೂ ಗಾಳಿಮಳೆಗೆ ಮರದ ಕೊಂಬೆ ಬಿದ್ದು ತಂತಿ ತುಂಡಾಗುತ್ತಿತ್ತು. ಲೈನ್‌ಮ್ಯಾನ್ ಬಂದು ಗಂಟು ಹಾಕಿ ಹೋಗುತ್ತಿದ್ದ. ಆಮೇಲೆ ಶುರು ನೋಡಿ. ಯಾರೂ ಫೋನ್ ಮಾಡಿರುವುದಿಲ್ಲ, ನಡುರಾತ್ರಿ ಟ್ರಿಣ್ ಅಂತ ಒಂದೇ ರಿಂಗು. ಎತ್ತಿದರೆ ಕರಕರ ಸದ್ದು. ಅದೇ ನಿಜವಾದ ಕರೆ ಬಂದರೆ ಕೇಳಿಸುತ್ತಲೇ ಇರಲಿಲ್ಲ. ನನ್ನ ತೋಳಿನ ಕಥೆ ಇದೇ. ಮುಟ್ಟಿದ್ದು ಗೊತ್ತಾಗುವುದಿಲ್ಲ, ಮುಟ್ಟದಿದ್ದಾಗ ರಿಂಗಾಗುತ್ತದೆ.

ಇದಕ್ಕೆ ಡಾಕ್ಟರುಗಳ ಭಾಷೆಯಲ್ಲಿ ಪೋಸ್ಟ್ ಮಾಸ್ಟೆಕ್ಟಮಿ ಪೇನ್ ಸಿಂಡ್ರೋಮ್ ಅನ್ನುತ್ತಾರೆ, ಅಂದರೆ ಸ್ತನ ತೆಗೆದ ಮೇಲೆ ಉಳಿಯುವ ನೋವು. ಗಂಟು ಮಾತ್ರ ತೆಗೆಸಿಕೊಂಡು ಸ್ತನ ಉಳಿಸಿಕೊಂಡವರಿಗೂ ಬರಬಹುದು. ಆಪರೇಷನ್ ಆಗಿ 3 ತಿಂಗಳಾದರೂ ನೋವು ಉಳಿದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಈ ಲೆಕ್ಕಕ್ಕೆ ಸೇರಿಸುತ್ತಾರೆ. ನಾನೊಬ್ಬಳೇ ಏನೂ ಅಲ್ಲ. 2009ರಲ್ಲಿ ಡೆನ್ಮಾರ್ಕಿನ ವೈದ್ಯರು ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ 3,253 ಹೆಂಗಸರ ಸಮೀಕ್ಷೆ ಪ್ರಕಟಿಸಿದರು. ಅವರಲ್ಲಿ 47% ಮಂದಿಗೆ ಇನ್ನೂ ನೋವಿತ್ತು. ನೋವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಸಣ್ಣದು, 13% ಜನರಿಗೆ ಜೋರು. ಚಿಕ್ಕ ವಯಸ್ಸಿನವರಿಗೆ, ಕಂಕುಳಿನ ಗ್ರಂಥಿ ಪೂರ್ತಿ ತೆಗೆಸಿಕೊಂಡವರಿಗೆ, ರೇಡಿಯೇಷನ್ ಆದವರಿಗೆ ಜಾಸ್ತಿ. ಈಗ ಸಾಧ್ಯವಿದ್ದ ಕಡೆ ಮೊದಲು ಒಂದೆರಡು ಗ್ರಂಥಿ ತೆಗೆದು ಪರೀಕ್ಷಿಸಿ, ಅಲ್ಲಿಗೆ ರೋಗ ಹರಡಿಲ್ಲದಿದ್ದರೆ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ನನ್ನದು ಹರಡಿತ್ತು. ಜೀವ ಉಳಿಸಲು ಕೊಟ್ಟ ಬೆಲೆ ಅಂತ ನನಗೂ ಗೊತ್ತು. ಹಾಗಂತ ಬೆಲೆಯೇ ಕೊಟ್ಟಿಲ್ಲ ಅನ್ನೋದಕ್ಕೆ ಆಗಲ್ಲ, ಅಲ್ವಾ?

ಎರಡನೇ ವರ್ಷ ಚೆಕಪ್ಪಿಗೆ ಹೋದಾಗ ಹೇಳಿದೆ. ಅಲ್ಲಿದ್ದ ಡಾಕ್ಟರು ತಲೆ ಎತ್ತದೆ, "ಅದೆಲ್ಲ ಕಾಮನ್ ಅಮ್ಮ" ಅಂದು ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಕಾಮನ್ ಅನ್ನುವುದು ನಿಜ. ನೆಗಡಿಯೂ ಕಾಮನ್ನೇ, ಅದಕ್ಕೆ ಕಷಾಯ ಕುಡಿಯುವುದಿಲ್ವಾ? ನನಗೆ ಇವತ್ತಿಗೂ ಸಿಟ್ಟಿರುವುದು ಆ ಒಂದು ಮಾತಿನ ಮೇಲೆ. ಅದನ್ನು ನಂಬಿ ಇನ್ನೊಂದು ವರ್ಷ ಹಲ್ಲು ಕಚ್ಚಿಕೊಂಡೆ.

ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ನೋವಿಗೆಂದೇ ಚಿಕಿತ್ಸೆ ಕೊಡುವ ಡಾಕ್ಟರು ಇರುತ್ತಾರೆ, ಹೆಚ್ಚಿನವರು ಅರಿವಳಿಕೆ ಕೊಡುವ ತಜ್ಞರೇ. ಅವರು ಬಳಸುವ ಮಾತ್ರೆಗಳು ಬೇರೆ: ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್. ಮೊದಲೆರಡು ಫಿಟ್ಸ್ ಕಾಯಿಲೆಗೆ ಬಂದವು, ಇನ್ನೆರಡು ಖಿನ್ನತೆಗೆ. ನನ್ನ ಅತ್ತಿಗೆ ಮೊಬೈಲಿನಲ್ಲಿ ಹುಡುಕಿ, "ಇದು ತಲೆ ಕೆಟ್ಟೋರ ಮಾತ್ರೆ ಅಂತಲ್ಲೇ?" ಅಂತ ಗಾಬರಿಯಾದಳು. ತಲೆ ಸರಿಯಿದ್ದರೂ ನರ ಸುಮ್ಮನಾಗಬೇಕಲ್ಲ! ರಾತ್ರಿ ಅಮಿಟ್ರಿಪ್ಟಿಲಿನ್ ಸಣ್ಣ ಡೋಸು ಶುರು ಮಾಡಿದ ಮೇಲೆ ಬಾಯಿ ಒಣಗುತ್ತದೆ, ಬೆಳಗ್ಗೆ ಮಂಪರು. ಆದರೆ ಎರಡು ಮೂರು ವಾರದಲ್ಲಿ ಎಡಮಗ್ಗುಲಿಗೆ ತಿರುಗಿ ಮಲಗಿದೆ. ಒಂದು ಎಚ್ಚರ: ಕ್ಯಾನ್ಸರ್ ಮತ್ತೆ ಬಾರದಿರಲೆಂದು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಅದರ ಕೆಲಸ ಕುಗ್ಗಿಸಬಹುದು. ಮಾತ್ರೆ ಒಗ್ಗದವರಿಗೆ ನರದ ಬುಡಕ್ಕೆ ಇಂಜೆಕ್ಷನ್ ಕೊಡುವುದೂ ಇದೆ.

ಮನೆಮದ್ದಿನ ನನ್ನದೊಂದು ಪ್ರತಾಪವನ್ನೂ ಹೇಳಿಬಿಡುತ್ತೇನೆ. ಜುಲೈ ಜಡಿಮಳೆಯಲ್ಲಿ ತೋಳು ಬಿಗಿದುಕೊಂಡಿತ್ತು. ಬಚ್ಚಲ ಹಂಡೆಯ ಬಿಸಿನೀರನ್ನೇ ರಬ್ಬರ್ ಚೀಲಕ್ಕೆ ತುಂಬಿ ಕಂಕುಳಲ್ಲಿಟ್ಟು ಕಂಬಳಿ ಹೊದ್ದು ಮಲಗಿದೆ. ಹಿತವಾಗಿತ್ತು. ಬೆಳಗ್ಗೆ ನೋಡಿದರೆ ಎರಡು ರೂಪಾಯಿ ಅಗಲದ ಬೊಬ್ಬೆ. ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ, ನನಗಾದರೂ ಗೊತ್ತಿರಬೇಕಿತ್ತು. ಈಗ ಬಲಗೈಯಲ್ಲಿ ಮುಟ್ಟಿ ನೋಡದೆ ಬಿಸಿಯದೇನನ್ನೂ ಆ ಕಡೆ ಇಡುವುದಿಲ್ಲ.

ಮಾತ್ರೆಗಿಂತ ನನಗೆ ಹೆಚ್ಚು ಕೊಟ್ಟದ್ದು ವ್ಯಾಯಾಮ. ನೋಯುತ್ತದೆ ಅಂತ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ, ಆಗ ನೋವಿನ ಮೇಲೊಂದು ನೋವು. ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಂತೆ ಅಡುಗೆಮನೆ ಗೋಡೆಯ ಮೇಲೆ ಬೆರಳನ್ನು ಇರುವೆಯ ಹಾಗೆ ಮೇಲೆ ಹತ್ತಿಸುತ್ತಿದ್ದೆ. ಮುಟ್ಟಿದ ಕಡೆ ಇದ್ದಿಲಲ್ಲಿ ಗೆರೆ. ಮೊದಲ ಗೆರೆ ಒಲೆಕಟ್ಟೆಯ ಎತ್ತರದಲ್ಲಿದೆ. ಏಳು ತಿಂಗಳಲ್ಲಿ ಅಪ್ಪೆಮಿಡಿಯ ಭರಣಿ ಇಡುವ ಹಲಗೆ ಸಿಕ್ಕಿತು. ಭರಣಿ ಇಳಿಸಲು ಮಾತ್ರ ಇವತ್ತಿಗೂ ಮಗನನ್ನೇ ಕೂಗುತ್ತೇನೆ. ಗೋಡೆಗೆ ಸುಣ್ಣ ಹೊಡೆಯುವಾಗ ಆ ಜಾಗ ಬಿಡಿಸಿದ್ದೇನೆ.

ಎಲ್ಲ ನೋವೂ ಇದೇ ಅಂದುಕೊಳ್ಳಬಾರದು. ಕಂಕುಳಿಂದ ಮೊಣಕೈವರೆಗೆ ಹಗ್ಗದಂತೆ ಬಿಗಿದರೆ ಅದು ಬೇರೆ. ಕೈ ಭಾರವಾಗಿ ಬಳೆ ಬಿಗಿಯಾದರೆ ಅದು ಬಾವು. ಕ್ಯಾನ್ಸರಿಗೇ ಕೊಡುವ ಇನ್ನೊಂದು ಮಾತ್ರೆ ಲೆಟ್ರೋಜೋಲ್ ನುಂಗುವವರಿಗೆ ಕೀಲು ಹಿಡಿಯಬಹುದು. ಹೊಸ ಗಂಟು, ಜ್ವರದ ಜೊತೆ ಕೆಂಪಾಗುವುದು, ಕೈ ದಿಢೀರ್ ಊದುವುದು, ಒಂದೇ ಮೂಳೆಯಲ್ಲಿ ದಿನದಿನಕ್ಕೂ ಹೆಚ್ಚುವ ನೋವು, ಇವು ಬಂದರೆ ಮುಂದಿನ ಚೆಕಪ್ಪಿನವರೆಗೆ ಕಾಯಬೇಡಿ.

ಹೋದ ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ ದೊಡ್ಡಮ್ಮ ಮತ್ತದೇ ಕೇಳಿದರು, "ಇನ್ನೂ ನೋವಾ ಮಗಾ?" ನಾನು ಮೆಟ್ಟುಕತ್ತಿ ಬಿಟ್ಟು ಈಗ ಬರೀ ಗೋಟು ಆರಿಸುವವಳು. "ಹೌದು ದೊಡ್ಡಮ್ಮ, ಇದೆ" ಅಂದೆ. ಅವರು ಪಕ್ಕದಲ್ಲಿ ಕೂರಲು ಮಣೆ ಎಳೆದರು, ಎಡಗಡೆಗೆ.

"ಈ ಕಡೆ ಬೇಡ, ಬಲಗಡೆಗೆ ಬನ್ನಿ" ಅಂದೆ. ಮಣೆ ಎತ್ತಿಕೊಂಡು ಸುತ್ತು ಹಾಕಿ ಬಂದು ಕೂತರು.